ಕಬ್ಬಿನ ಗರಿ ಬಡಿದು ಕಣ್ಣಿನಲ್ಲಿ ಶಿಲೀಂಧ್ರದ ಹುಣ್ಣು: ಔಷಧ ಬದಲಿಸಬೇಕೇ?

ಪ್ರಶ್ನೆ (ಜಮಖಂಡಿ ತಾಲ್ಲೂಕು)

ಕಬ್ಬು ಕಡಿಯುವಾಗ ನಮ್ಮ ಕಾಕಾ ಅವರ ಬಲಗಣ್ಣಿಗೆ ಗರಿಯ ಅಂಚು ಬಡಿಯಿತು. ಔಷಧ ಅಂಗಡಿಯಲ್ಲಿ ಕೊಟ್ಟ ಹನಿಗಳಿಂದ ಮೊದಲು ಕೆಂಪು ಇಳಿಯಿತು. ಆಮೇಲೆ ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಮೂಡಿ, ಬೆಳಕನ್ನು ನೋಡಲಾಗದಷ್ಟು ನೋವು ಶುರುವಾಯಿತು. ಬಾಗಲಕೋಟೆಯ ಕಣ್ಣಿನ ವೈದ್ಯರು ಹುಣ್ಣನ್ನು ಕೆರೆದು ಪರೀಕ್ಷಿಸಿ, ಇದು ಶಿಲೀಂಧ್ರದ ಸೋಂಕು ಎಂದು ತಿಳಿಸಿ, ನ್ಯಾಟಮೈಸಿನ್ ಹನಿಗಳನ್ನು ಗಂಟೆಗೊಮ್ಮೆ ಹಾಕಲು ಬರೆದುಕೊಟ್ಟಿದ್ದಾರೆ. ಈಗ ಎರಡನೆಯ ವಾರ. ನೋವು ಕಡಿಮೆಯಾಗಿದ್ದರೂ ಬಿಳುಪು ಹೆಚ್ಚಿದಂತೆ ಕಾಣುತ್ತಿದೆ. ವೊರಿಕೊನಜೋಲ್ ಇದಕ್ಕಿಂತ ಹೊಸದು, ಬಲವಾದದ್ದು ಎಂದು ಸಂಬಂಧಿಕರೊಬ್ಬರು ಹೇಳುತ್ತಿದ್ದಾರೆ. ಔಷಧ ಬದಲಿಸುವಂತೆ ವೈದ್ಯರನ್ನು ಕೇಳಬಹುದೇ? ಶಸ್ತ್ರಚಿಕಿತ್ಸೆ ಬೇಕಾದೀತೇ?

ಉತ್ತರ 1 (ವಿಜಯಪುರ, ನೇತ್ರವೈದ್ಯ)

ಕೇಳಲು ಅಡ್ಡಿಯಿಲ್ಲ, ಆದರೆ ಹೊಸದೆಂಬ ಕಾರಣಕ್ಕೆ ಬದಲಿಸಬೇಡಿ. ದಕ್ಷಿಣ ಭಾರತದಲ್ಲಿ ಮಧುರೈನ ಅರವಿಂದ ಕಣ್ಣಿನ ಆಸ್ಪತ್ರೆಯೂ ಸೇರಿದಂತೆ ಕೆಲವು ಕೇಂದ್ರಗಳಲ್ಲಿ 323 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವು ಈ ಎರಡೇ ಹನಿಗಳನ್ನು ಹೋಲಿಸಿತ್ತು. ನ್ಯಾಟಮೈಸಿನ್ ಪಡೆದವರ ದೃಷ್ಟಿ ಹೆಚ್ಚು ಸುಧಾರಿಸಿತು, ಕಣ್ಣು ತೂತಾಗುವ ಅಪಾಯವೂ ಅವರಲ್ಲಿ ಕಡಿಮೆಯಿತ್ತು; ಹೊಲದ ಗಾಯಗಳಲ್ಲಿ ಹೆಚ್ಚಾಗಿ ಕಾಣುವ ಫ್ಯೂಸೇರಿಯಂ ಜಾತಿಯ ಶಿಲೀಂಧ್ರದ ಸೋಂಕಿನಲ್ಲಂತೂ ವ್ಯತ್ಯಾಸ ಎದ್ದು ಕಂಡಿತು. ನ್ಯಾಟಮೈಸಿನ್‌ಗೆ ಇರುವ ಕೊರತೆಯೆಂದರೆ ಅದು ಕಾರ್ನಿಯಾದ (ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರದ) ಆಳಕ್ಕೆ ಸುಲಭವಾಗಿ ಇಳಿಯುವುದಿಲ್ಲ. ಆದ್ದರಿಂದಲೇ ಹುಣ್ಣು ಆಳವಾಗಿದ್ದರೆ ಅದರ ಜೊತೆಗೆ ವೊರಿಕೊನಜೋಲ್ ಅಥವಾ ಆಂಫೊಟೆರಿಸಿನ್ ಹನಿಗಳನ್ನು ಸೇರಿಸುತ್ತೇವೆ, ಕೆಲವೊಮ್ಮೆ ಕಾರ್ನಿಯಾದ ಪದರದೊಳಗೇ ಸೂಜಿಮದ್ದು ಕೊಡುತ್ತೇವೆ.

ಬಿಳುಪಿನ ವಿಷಯಕ್ಕೆ ಬರೋಣ. ನ್ಯಾಟಮೈಸಿನ್ ಹಾಲಿನಂತಹ ದ್ರವ. ಅದರ ಕಣಗಳು ಹುಣ್ಣಿನ ಮೇಲೆ ಅಂಟಿ ಕೂರುತ್ತವೆ, ಮನೆಯವರಿಗೆ ಅದು ಹುಣ್ಣೇ ಬೆಳೆದಂತೆ ತೋರುತ್ತದೆ. ಕಣ್ಣನ್ನು ದೊಡ್ಡದಾಗಿ ತೋರಿಸುವ ಸ್ಲಿಟ್ ಲ್ಯಾಂಪ್ ಉಪಕರಣದಲ್ಲಿ ಹುಣ್ಣಿನ ಅಂಚುಗಳು ಇನ್ನೂ ಹಕ್ಕಿಯ ಗರಿಯಂತೆ ಹರಡಿವೆಯೋ, ದುಂಡಾಗಿ ನಿಂತಿವೆಯೋ, ಕರಿಗುಡ್ಡೆಯ ಹಿಂದೆ ಕೀವು ಇಳಿದಿದೆಯೋ ಎಂಬುದನ್ನು ನೋಡಿದ ಮೇಲೆಯೇ ಗುಣವಾಗುತ್ತಿದೆಯೋ ಇಲ್ಲವೋ ಹೇಳಲು ಸಾಧ್ಯ. ನೋವು ಇಳಿದಿರುವುದು ಒಳ್ಳೆಯ ಲಕ್ಷಣ. ಈ ಹುಣ್ಣು ಮಾಯಲು ವಾರಗಟ್ಟಲೆ ಹಿಡಿಯುವುದು ಸಹಜ.

ಅಂಗಡಿಯ ಹನಿಯ ಬಾಟಲಿಯಲ್ಲಿ ಏನಿತ್ತೆಂದು ದಯವಿಟ್ಟು ನೋಡಿ ಬರೆಯಿರಿ.

ಉತ್ತರ 2 (ಗೋಕಾಕ)

ನಮ್ಮ ತಂದೆಯವರಿಗೂ ಗೋವಿನಜೋಳದ ಗರಿಯಿಂದ ಇದೇ ಆಗಿತ್ತು. ನ್ಯಾಟಮೈಸಿನ್ ಬಾಟಲಿಯನ್ನು ಪ್ರತಿ ಸಲವೂ ಚೆನ್ನಾಗಿ ಅಲುಗಾಡಿಸಬೇಕು, ಇಲ್ಲದಿದ್ದರೆ ಔಷಧವೆಲ್ಲ ತಳದಲ್ಲೇ ಉಳಿದು ಮೇಲಿನ ನೀರು ಮಾತ್ರ ಕಣ್ಣಿಗೆ ಬೀಳುತ್ತದೆ. ಇದನ್ನು ಅಂಗಡಿಯವರು ನಮಗೆ ಹೇಳಿರಲಿಲ್ಲ. ಎರಡು ಬಗೆಯ ಹನಿಗಳ ನಡುವೆ ಐದು ನಿಮಿಷ ಬಿಡಿ. ರಾತ್ರಿಯ ಹನಿಗಳನ್ನು ತಪ್ಪಿಸದಂತೆ ಮನೆಯವರು ಸರದಿ ಹಾಕಿಕೊಳ್ಳುವುದು ಒಳಿತು. ಹಿರಿಯರು ಯಾರಾದರೂ ಎದೆಹಾಲನ್ನೋ ಸೊಪ್ಪಿನ ರಸವನ್ನೋ ಹಿಂಡಲು ಬಂದರೆ ನಯವಾಗಿ ಬೇಡವೆನ್ನಿ.

ತಂದೆಯವರಿಗೆ ಔಷಧ ಸಾಲದೆ ಕೊನೆಗೆ ಕಾರ್ನಿಯಾ ಕಸಿ ಮಾಡಬೇಕಾಯಿತು. ಅದು ದೃಷ್ಟಿಗಾಗಿ ಅಲ್ಲ, ಸೋಂಕು ತಗುಲಿದ ಭಾಗವನ್ನು ತೆಗೆದು ಕಣ್ಣನ್ನು ಉಳಿಸಿಕೊಳ್ಳಲು ಎಂದು ವೈದ್ಯರು ಮೊದಲೇ ತಿಳಿಸಿದ್ದರು.

ಪ್ರಶ್ನೆ ಕೇಳಿದವರು

ಬಾಟಲಿ ಸಿಕ್ಕಿತು. ಅದರ ಮೇಲೆ ಒಂದು ಆಂಟಿಬಯೋಟಿಕ್ ಹೆಸರಿನ ಜೊತೆಗೆ ಡೆಕ್ಸಾಮೆಥಾಸೋನ್ ಎಂದಿದೆ.

ಉತ್ತರ 1ರವರಿಂದ

ನನ್ನ ಅನುಮಾನ ಅದೇ ಆಗಿತ್ತು. ಡೆಕ್ಸಾಮೆಥಾಸೋನ್ ಸ್ಟೀರಾಯ್ಡ್, ಅದು ಕೆಂಪನ್ನು ಇಳಿಸುತ್ತದೆ, ಅದೇ ಹೊತ್ತಿಗೆ ಕಣ್ಣಿನ ಪ್ರತಿರೋಧವನ್ನು ತಗ್ಗಿಸಿ ಶಿಲೀಂಧ್ರ ಆಳಕ್ಕೆ ಇಳಿಯಲು ದಾರಿ ಮಾಡಿಕೊಡುತ್ತದೆ. ಹಸಿರು ಗರಿಯ ಗಾಯಕ್ಕೆ ಚೀಟಿಯಿಲ್ಲದೆ ಇದನ್ನು ಕೊಡುವ ಪದ್ಧತಿ ನಮ್ಮ ಭಾಗದಲ್ಲಿ ಇನ್ನೂ ನಿಂತಿಲ್ಲವೆಂಬುದು ಸಿಟ್ಟು ತರಿಸುವ ಸಂಗತಿ. ಇನ್ನು ಅದನ್ನು ಹಾಕಲೇಬೇಡಿ. ಬಾಟಲಿಯನ್ನು ನಿಮ್ಮ ವೈದ್ಯರಿಗೆ ತೋರಿಸಿ, ಎಷ್ಟು ದಿನ ಹಾಕಿದಿರೆಂದು ತಿಳಿಸಿ, ಏಕೆಂದರೆ ಎರಡನೆಯ ಔಷಧ ಸೇರಿಸಬೇಕೇ ಎಂಬ ನಿರ್ಧಾರಕ್ಕೆ ಆ ಮಾಹಿತಿ ಬೇಕು. ನಡುವೆ ಕಣ್ಣಿನಿಂದ ಒಮ್ಮೆಲೇ ಬಿಸಿನೀರು ಹರಿದಂತಾದರೆ ಅಥವಾ ದೃಷ್ಟಿ ತಟ್ಟನೆ ಕುಸಿದರೆ, ಕಣ್ಣನ್ನು ಒತ್ತದೆ, ಉಜ್ಜದೆ ಅದೇ ದಿನ ಕಾರ್ನಿಯಾ ತಜ್ಞರಿರುವ ಆಸ್ಪತ್ರೆಗೆ ಕರೆದೊಯ್ಯಿರಿ.