ಶಾಸಕರ ಮಾಸಿಕ ವರದಿಯಲ್ಲಿ ಮಂಗನ ಕಾಯಿಲೆಯ ಬಗ್ಗೆ ಏನೇನು ಇರಬೇಕು?

ಪ್ರಶ್ನೆ: ಹಿನ್ನೀರಿನವ

ನಮ್ಮ ಕ್ಷೇತ್ರದ ಶಾಸಕರ ಕಚೇರಿಯಿಂದ ಪ್ರತಿ ತಿಂಗಳು ಒಂದು ವರದಿ ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಬರುತ್ತದೆ. ಯಾವ ರಸ್ತೆಗೆ ಡಾಂಬರು ಬಿತ್ತು, ಯಾವ ಅಂಗನವಾಡಿಗೆ ಕಟ್ಟಡ ಮಂಜೂರಾಯಿತು, ಎಲ್ಲಿ ಸಮುದಾಯ ಭವನದ ಶಂಕುಸ್ಥಾಪನೆಯಾಯಿತು ಎಂಬುದೆಲ್ಲ ಅದರಲ್ಲಿ ವಿವರವಾಗಿಯೇ ಇರುತ್ತದೆ. ಈ ಬಾರಿಯ ವರದಿಯ ಕೊನೆಯಲ್ಲಿ ಮಂಗನ ಕಾಯಿಲೆಯ ಬಗ್ಗೆ ಮೂರು ಸಾಲುಗಳಿವೆ: ಆರೋಗ್ಯ ಇಲಾಖೆ ಕಟ್ಟೆಚ್ಚರ ವಹಿಸಿದೆ, ಡೆಪಾ ತೈಲ (ಉಣುಗು ಕಚ್ಚದಂತೆ ಮೈಗೆ ಹಚ್ಚಿಕೊಳ್ಳುವ ಎಣ್ಣೆ) ವಿತರಿಸಲಾಗುತ್ತಿದೆ, ಸಾರ್ವಜನಿಕರು ಆತಂಕಪಡುವ ಅಗತ್ಯವಿಲ್ಲ.

ನಮ್ಮೂರಿನವರು ಕೊಟ್ಟಿಗೆಗೆ ದರಗು (ಒಣಗಿದ ಎಲೆ) ಗುಡಿಸಲು, ಸೊಪ್ಪು ಕಡಿಯಲು ಬೆಟ್ಟಕ್ಕೆ ಹೋಗುವ ಕಾಲ ಇದೇ. ಕಳೆದ ವಾರ ಸೊಪ್ಪಿನ ಬೆಟ್ಟದ ಅಂಚಿನಲ್ಲಿ ಒಂದು ಮಂಗ ಸತ್ತು ಬಿದ್ದಿತ್ತು. ಅದನ್ನು ಯಾರಿಗೆ ತಿಳಿಸಬೇಕೆಂಬುದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮನೆಯ ಹಿರಿಯರು ಮೊದಲಿನಂತೆ ಲಸಿಕೆ ಹಾಕುವುದಿಲ್ಲವೇ ಎಂದು ಕೇಳುತ್ತಿದ್ದಾರೆ. ಶಾಸಕರನ್ನು ದೂರುವುದು ನನ್ನ ಉದ್ದೇಶವಲ್ಲ, ವರದಿ ಬರುತ್ತಿರುವುದೇ ಒಳ್ಳೆಯ ಬೆಳವಣಿಗೆ. ಆದರೆ ಕಾಡಂಚಿನಲ್ಲಿ ಇರುವವರಿಗೆ ಉಪಯೋಗವಾಗಬೇಕಾದರೆ ಅದರಲ್ಲಿ ಏನಿರಬೇಕು, ಮತ್ತು ಅದರಲ್ಲಿ ಶಾಸಕರ ಕೈಯಲ್ಲಿ ನಿಜವಾಗಿ ಇರುವುದೆಷ್ಟು ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ನಿವೃತ್ತ ಆರೋಗ್ಯ ಸಹಾಯಕ

ತಾವು ನೋಡಿದ ಆ ಸತ್ತ ಮಂಗವೇ ವರದಿಯ ಮೊದಲ ಸಾಲಾಗಬೇಕಿತ್ತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಆಸುಪಾಸಿನಲ್ಲಿ ಈ ರೋಗ ಮೊದಲು ಪತ್ತೆಯಾದದ್ದೂ ಜನರ ಜ್ವರದ ಜೊತೆಗೇ ಮಂಗಗಳು ಸಾಲಾಗಿ ಸಾಯತೊಡಗಿದ್ದರಿಂದ. ಮಂಗಗಳ ಸಾವನ್ನು ಕಂಡ ವಿಜ್ಞಾನಿಗಳು ಮೊದಲು ಇದು ಹಳದಿ ಜ್ವರವಿರಬಹುದೇ ಎಂದು ಶಂಕಿಸಿದ್ದರು. ರೋಗಾಣುವನ್ನು ಹೊತ್ತು ತಿರುಗುವುದು ಕಾಡಿನ ಉಣುಗು. ಮುಸಿಯ ಅಥವಾ ಕೆಂಪು ಮಂಗ ರೋಗ ತಗುಲಿ ಸತ್ತಾಗ, ದೇಹ ತಣ್ಣಗಾಗುತ್ತಿದ್ದಂತೆ ಅದರ ಮೈಮೇಲಿನ ಉಣುಗುಗಳು ಕೆಳಗಿಳಿದು ಸುತ್ತಲಿನ ತರಗೆಲೆಗಳಲ್ಲಿ ಸೇರಿಕೊಳ್ಳುತ್ತವೆ. ಆ ಜಾಗದಲ್ಲಿ ದರಗು ಗುಡಿಸಿದವರ, ಸೌದೆ ಆಯ್ದವರ ಮೈಗೆ ಅವು ಹತ್ತುತ್ತವೆ. ಆದ್ದರಿಂದಲೇ ಮಂಗ ಸತ್ತ ಸ್ಥಳದ ಸುತ್ತ ಸುಮಾರು 50 ಮೀಟರ್‌ವರೆಗೆ ಮೆಲಾಥಿಯಾನ್ ಪುಡಿ ಉದುರಿಸಿ, ಕೆಲವು ಕಾಲ ಅಲ್ಲಿಗೆ ಜನರೂ ಜಾನುವಾರುಗಳೂ ಹೋಗದಂತೆ ನೋಡಿಕೊಳ್ಳುವ ಪದ್ಧತಿ ಬಂದಿದೆ.

ಹೀಗಿರುವಾಗ ಜನರಿಗೆ ಬೇಕಾದದ್ದು ಊರಿನ ಹೆಸರು. ಯಾವ ಗ್ರಾಮದ ಯಾವ ಬೆಟ್ಟದಲ್ಲಿ ಮಂಗ ಸತ್ತಿದೆ, ಯಾವ ದಿನ ಮಾದರಿ ಕಳುಹಿಸಲಾಯಿತು, ಫಲಿತಾಂಶ ಬಂತೇ, ಪುಡಿ ಉದುರಿಸಲಾಯಿತೇ ಎಂಬ ನಾಲ್ಕು ಸಂಗತಿಗಳನ್ನು ಪ್ರಕಟಿಸಿದರೆ, ಮರುದಿನ ಬೆಳಿಗ್ಗೆ ಯಾವ ದಿಕ್ಕಿಗೆ ಸೊಪ್ಪಿಗೆ ಹೋಗಬಾರದೆಂದು ಮನೆಯವರೇ ತೀರ್ಮಾನಿಸಬಲ್ಲರು. ತಾಲ್ಲೂಕಿನ ಒಟ್ಟು ಲೆಕ್ಕವಷ್ಟೇ ಕೊಟ್ಟರೆ ಅದರಿಂದ ಇಲಾಖೆಗೆ ಪ್ರಯೋಜನವಿದೆ, ದರಗು ಗುಡಿಸುವ ಹೆಂಗಸಿಗೆ ಇಲ್ಲ. ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ 2018ರ ಕೊನೆಯಿಂದ 2019ರವರೆಗೆ ನಡೆದ ಸಾವುನೋವನ್ನು ಕಂಡವರಿಗೆ ಈ ಮಾತು ಅತಿಶಯವೆನಿಸಲಾರದು.

ಲಸಿಕೆಯ ವಿಚಾರವನ್ನೂ ಮುಚ್ಚುಮರೆಯಿಲ್ಲದೆ ಬರೆಯಬೇಕು. ದಶಕಗಳ ಕಾಲ ಕೊಡುತ್ತಿದ್ದ ಹಳೆಯ ಲಸಿಕೆಯ ಪರಿಣಾಮ ಕುಗ್ಗಿದ್ದರಿಂದ 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಲಾಜಿಕಲ್ಸ್ ಸಂಸ್ಥೆ ಸೇರಿ ಹೊಸ ಲಸಿಕೆಯನ್ನು ರೂಪಿಸುವ ಕೆಲಸದಲ್ಲಿವೆ. ಹಿಂದೆ ಲಸಿಕೆ ಹಾಕಿಸಿಕೊಂಡಿದ್ದೇವೆ, ಇನ್ನು ಭಯವಿಲ್ಲ ಎಂದು ನಂಬಿಕೊಂಡು ತೈಲ ಹಚ್ಚದೆ ಕಾಡಿಗೆ ಹೋಗುವ ಹಿರಿಯರು ಈಗಲೂ ಇದ್ದಾರೆ, ಅವರಿಗೆ ಈ ವಿಷಯ ತಿಳಿಯಲೇಬೇಕು.

ಉತ್ತರ: ಗ್ರಾಮ ಪಂಚಾಯಿತಿ ಸದಸ್ಯೆ

ಶಾಸಕರ ಕೈಯಲ್ಲಿ ಏನಿದೆ ಎಂಬ ಭಾಗಕ್ಕೆ ಉತ್ತರಿಸುತ್ತೇನೆ. ತಾಲ್ಲೂಕು ಮಟ್ಟದ ತ್ರೈಮಾಸಿಕ ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ) ಪರಿಶೀಲನಾ ಸಭೆಗೆ ಶಾಸಕರೇ ಅಧ್ಯಕ್ಷರು. ತಾಲ್ಲೂಕು ಆರೋಗ್ಯಾಧಿಕಾರಿ, ವಲಯ ಅರಣ್ಯಾಧಿಕಾರಿ ಮತ್ತು ಪಶುವೈದ್ಯಾಧಿಕಾರಿ ಒಂದೇ ಕೋಣೆಯಲ್ಲಿ ಕುಳಿತು ಉತ್ತರಿಸಬೇಕಾದ ಸಭೆ ಅದು. ಮಂಗನ ಕಾಯಿಲೆಗೆ ಇದಕ್ಕಿಂತ ಸೂಕ್ತವಾದ ವೇದಿಕೆ ಇಲ್ಲ, ಏಕೆಂದರೆ ಮಂಗ ಸಾಯುವುದು ಅರಣ್ಯ ಇಲಾಖೆಯ ಜಾಗದಲ್ಲಿ, ಅದರ ಮರಣೋತ್ತರ ಪರೀಕ್ಷೆ ಮಾಡುವವರು ಪಶುವೈದ್ಯರು, ಜ್ವರ ಬಂದವರನ್ನು ನೋಡಿಕೊಳ್ಳುವುದು ಆರೋಗ್ಯ ಇಲಾಖೆ. ಈ ಮೂವರ ನಡುವೆ ಸುದ್ದಿ ತಲುಪುವುದು ತಡವಾದಷ್ಟೂ ಊರಿಗೆ ಅಪಾಯ ಹೆಚ್ಚು.

ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ. ಅದರಿಂದ ಕಟ್ಟಡ, ಉಪಕರಣಗಳಾಗುತ್ತವೆಯೇ ಹೊರತು ವೈದ್ಯರಿಗೆ ಸಂಬಳ ಕೊಡಲಾಗದು. ಖಾಲಿ ಹುದ್ದೆಗಳ ವಿಷಯವನ್ನು ಅವರು ವಿಧಾನಸಭೆಯಲ್ಲಿ ಚುಕ್ಕೆ ಗುರುತಿನ ಪ್ರಶ್ನೆಯಾಗಿ ಎತ್ತಿದರೆ ಸಚಿವರು ಸದನದಲ್ಲಿಯೇ ಉತ್ತರಿಸಬೇಕಾಗುತ್ತದೆ. ಆ ಪ್ರಶ್ನೆ ಮತ್ತು ಅದಕ್ಕೆ ಬಂದ ಉತ್ತರವನ್ನು ಮಾಸಿಕ ವರದಿಯಲ್ಲಿ ಯಥಾವತ್ತಾಗಿ ಹಾಕಿದರೆ, ನನ್ನ ಅಭಿಪ್ರಾಯದಲ್ಲಿ, ಹತ್ತು ಶಂಕುಸ್ಥಾಪನೆಯ ಚಿತ್ರಗಳಿಗಿಂತ ಅದರ ಬೆಲೆ ಹೆಚ್ಚು.

ಉತ್ತರ: ಕೊಪ್ಪದ ಸೀಮೆಯವಳು

ಮೇಲಿನ ಇಬ್ಬರೂ ಹೇಳಿದ್ದಕ್ಕೆ ನನ್ನ ಸಹಮತವಿದೆ. ರೋಗಿಯ ಮನೆಯವರ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ನಮ್ಮ ಚಿಕ್ಕಪ್ಪನಿಗೆ ತೋಟದಿಂದ ಬಂದ ಸಂಜೆ ಒಮ್ಮೆಲೇ ಜ್ವರ ಏರಿತು. ಹಣೆ ಒಡೆದುಹೋಗುವಂಥ ತಲೆನೋವು, ಸೊಂಟ ಮತ್ತು ಮೀನಖಂಡಗಳಲ್ಲಿ ನಿಲ್ಲಲಾರದಷ್ಟು ನೋವು, ಕಣ್ಣು ಕೆಂಪು. ಮೊದಲು ಹೋದ ಆಸ್ಪತ್ರೆಯಲ್ಲಿ ಮಾಮೂಲಿ ಜ್ವರವೆಂದು ಮಾತ್ರೆ ಕೊಟ್ಟು ಕಳುಹಿಸಿದರು. ಕಾಡಿಗೆ ಹೋಗಿದ್ದಿರಾ ಎಂದು ಅಲ್ಲಿ ಯಾರೂ ಕೇಳಲಿಲ್ಲ. ರಕ್ತ ಪರೀಕ್ಷೆಯಾದದ್ದು ನಮ್ಮೂರಿನ ಆಶಾ ಕಾರ್ಯಕರ್ತೆ ಪಟ್ಟು ಹಿಡಿದ ಮೇಲೆಯೇ.

ಈ ರೋಗಕ್ಕೆಂದೇ ಔಷಧಿಯಿಲ್ಲ. ನೀರಿನಂಶ ಕಾಯ್ದುಕೊಂಡು, ರಕ್ತಸ್ರಾವದ ಲಕ್ಷಣಗಳ ಮೇಲೆ ಕಣ್ಣಿಟ್ಟು ಆರೈಕೆ ಮಾಡುವುದೇ ಚಿಕಿತ್ಸೆ, ಹಾಗಾಗಿ ಬೇಗ ಗುರುತಿಸುವುದರಲ್ಲಿಯೇ ಜೀವ ಉಳಿಯುವುದು ನಿಂತಿದೆ. ಜ್ವರ ಇಳಿದು ಒಂದೆರಡು ವಾರದ ನಂತರ ಕೆಲವರಿಗೆ ಮತ್ತೆ ಜ್ವರ ಮರುಕಳಿಸಿ ನಡುಕ, ಮಂಕು ಕಾಣಿಸುವುದೂ ಉಂಟು. ಆದುದರಿಂದ ರಕ್ತದ ಮಾದರಿ ಯಾವ ಕೇಂದ್ರದಲ್ಲಿ ತೆಗೆಯುತ್ತಾರೆ, ಫಲಿತಾಂಶ ಎಷ್ಟು ದಿನಕ್ಕೆ ಬರುತ್ತದೆ, ರಾತ್ರಿ ವಾಹನಕ್ಕೆ ಯಾರನ್ನು ಕರೆಯಬೇಕು, ದೊಡ್ಡ ಆಸ್ಪತ್ರೆಗೆ ಕಳುಹಿಸಿದರೆ ಖರ್ಚು ಯಾರದು ಎಂಬುದು ಶಾಸಕರ ವರದಿಯಲ್ಲಿರಲಿ. ಆತಂಕಪಡಬೇಡಿ ಎಂದು ಹೇಳುವುದಕ್ಕೂ ಈ ವಿವರಗಳೇ ಆಧಾರವಾಗಬೇಕು.

ಮರು ಪ್ರಶ್ನೆ: ಹಿನ್ನೀರಿನವ

ಎಲ್ಲರಿಗೂ ಧನ್ಯವಾದಗಳು. ಮುಂದಿನ ಕೆಡಿಪಿ ಸಭೆಗೆ ಮುಂಚೆ ಊರಿನವರ ಸಹಿಯೊಂದಿಗೆ ಶಾಸಕರಿಗೆ ಮನವಿ ಕೊಡಲು ನಿರ್ಧರಿಸಿದ್ದೇವೆ. ಗ್ರಾಮವಾರು ಮಂಗಗಳ ಸಾವಿನ ಮಾಹಿತಿ, ತೈಲದ ದಾಸ್ತಾನು, ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಖಾಲಿ ಇರುವ ಹುದ್ದೆ, ಮೂರೂ ಇಲಾಖೆಗಳ ದೂರವಾಣಿ ಸಂಖ್ಯೆ, ಇವಿಷ್ಟನ್ನು ಕೇಳುತ್ತೇವೆ. ಬೆಟ್ಟದಲ್ಲಿ ಇನ್ನೊಂದು ಮಂಗ ಸತ್ತಿದ್ದು ಕಂಡರೆ ತಕ್ಷಣಕ್ಕೆ ಏನು ಮಾಡಬೇಕು?

ಉತ್ತರ: ನಿವೃತ್ತ ಆರೋಗ್ಯ ಸಹಾಯಕ

ಮುಟ್ಟಬೇಡಿ, ಹೂಳಬೇಡಿ, ಹತ್ತಿರ ಹೋಗಿ ಫೋಟೊ ತೆಗೆಯಲೂ ಬೇಡಿ. ದೂರದಿಂದಲೇ ಜಾಗ ಗುರುತಿಟ್ಟುಕೊಂಡು ಆಶಾ ಕಾರ್ಯಕರ್ತೆಗೂ ಅರಣ್ಯ ಇಲಾಖೆಯ ಗಾರ್ಡ್‌ಗೂ ಅದೇ ದಿನ ತಿಳಿಸಿ, ಆ ಕಡೆಗೆ ದನ ಹೊಡೆಯುವವರಿಗೆ ಸುದ್ದಿ ಮುಟ್ಟಿಸಿ. ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಸಿ, ಸೋಪು ಹಚ್ಚಿ ಸ್ನಾನ ಮಾಡಿ, ಕಂಕುಳು, ತೊಡೆಸಂದಿ, ಕಿವಿಯ ಹಿಂಭಾಗದಲ್ಲಿ ಉಣುಗು ಕಚ್ಚಿಕೊಂಡಿದೆಯೇ ಎಂದು ನೋಡಿಕೊಳ್ಳಿ, ಏಕೆಂದರೆ ಎಳೆಯ ಉಣುಗು ಸಾಸಿವೆಗಿಂತ ಸಣ್ಣದಿರುವುದರಿಂದ ಕಚ್ಚಿದ್ದೂ ಗೊತ್ತಾಗುವುದಿಲ್ಲ. ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಜ್ವರ ಬರುವುದು ಸಾಮಾನ್ಯ. ಅಷ್ಟರೊಳಗೆ ಮೈ ಬಿಸಿಯಾದರೆ ವೈದ್ಯರು ಕೇಳುವ ಮೊದಲೇ ತಾವಾಗಿ ಹೇಳಿ: ಬೆಟ್ಟಕ್ಕೆ ಹೋಗಿದ್ದೆ, ಅಲ್ಲಿ ಮಂಗ ಸತ್ತಿತ್ತು.