ವಿಮ್: ಸೇವ್ ಮಾಡಿದಾಗಲೆಲ್ಲ ತಾರೀಖಿನ ಸಮೇತ ಬ್ಯಾಕಪ್ ಆಗಬೇಕು

ಪ್ರಶ್ನೆ:
ವಿಮ್ ಎಡಿಟರಿನಲ್ಲಿ ಬ್ಯಾಕಪ್ ಆಪ್ಷನ್ ಆನ್ ಇದೆ. ಆದರೆ ಪ್ರತಿ ಫೈಲಿಗೂ ಕೊನೆಗೆ ಟಿಲ್ಡೆ (~) ಇರುವ ಒಂದೇ ಪ್ರತಿ, ಅದೂ ಅದೇ ಫೋಲ್ಡರಿನಲ್ಲಿ. ಹಳೆಯವೆಲ್ಲ ಉಳಿದು, ಬೇರೆ ಕಡೆ ಕೂರಬೇಕು. ಹೇಗೆ?

ಉತ್ತರ 1:
ಬ್ಯಾಕಪ್‌ಡಿರ್‌ಗೆ (ಬ್ಯಾಕಪ್ ಎಲ್ಲಿಡಬೇಕೆಂಬ ಸೆಟ್ಟಿಂಗ್) ಬೇರೆ ಫೋಲ್ಡರ್ ಕೊಡಿ. ಅದನ್ನು ಮೊದಲೇ ಸೃಷ್ಟಿಸಿ, ವಿಮ್ ತಾನಾಗಿ ಮಾಡುವುದಿಲ್ಲ. ಆ ಫೋಲ್ಡರಿನ ಪಾತ್ (ದಾರಿ) ಕೊನೆಗೆ ಎರಡು ಸ್ಲ್ಯಾಶ್ ಹಾಕಿದರೆ ಮೂಲ ಫೈಲಿನ ಪೂರ್ತಿ ಪಾತ್ ಬ್ಯಾಕಪ್ ಹೆಸರಿನಲ್ಲೇ ಸೇರುತ್ತದೆ (8.1ರ ನಂತರದ ಆವೃತ್ತಿಗಳಲ್ಲಿ). ಇಲ್ಲದಿದ್ದರೆ ಎರಡು ಪ್ರಾಜೆಕ್ಟುಗಳ ರೀಡ್‌ಮಿ ಎಂಬ ಒಂದೇ ಹೆಸರಿನ ಫೈಲುಗಳು ಒಂದರ ಮೇಲೊಂದು ಬಿದ್ದು ಒಂದು ಹೋಗುತ್ತದೆ. ಆಮೇಲೆ ಬಫ್‌ರೈಟ್‌ಪ್ರಿ ಆಟೊಕಮಾಂಡಿನಲ್ಲಿ (ಸೇವ್ ಆಗುವ ಮುಂಚೆ ತಾನಾಗಿ ಓಡುವ ಆದೇಶ) ಬ್ಯಾಕಪ್‌ಎಕ್ಸ್ಟ್‌ಗೆ (ಬ್ಯಾಕಪ್ ಹೆಸರಿನ ಕೊನೆಗೆ ಸೇರುವ ಭಾಗ) ಸ್ಟ್ರ್‌ಎಫ್‌ಟೈಮ್‌ನಿಂದ (ಸಮಯವನ್ನು ಬರಹವಾಗಿಸುವ ಫಂಕ್ಷನ್) ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡ್ ತುಂಬಿಸಿ. ನಡುವೆ ಕೋಲನ್ ಬೇಡ, ವಿಂಡೋಸ್ ಒಪ್ಪುವುದಿಲ್ಲ, ಹೈಫನ್ ಸಾಕು.

ಉತ್ತರ 2:
ಗಮನಿಸಿ: ಉಳಿಯುವುದು ಸೇವ್‌ಗೆ ಮುಂಚಿನ ರೂಪ, ಈಗಿನದಲ್ಲ. ಹೊಸ ಫೈಲಿನ ಮೊದಲ ಸೇವ್‌ಗೆ ಬ್ಯಾಕಪ್ಪೇ ಇರದು. ಪಾಸ್‌ವರ್ಡ್ ಫೈಲುಗಳನ್ನು ಬ್ಯಾಕಪ್‌ಸ್ಕಿಪ್‌ಗೆ (ಬ್ಯಾಕಪ್ ಬೇಡದ ಫೈಲುಗಳ ಪಟ್ಟಿ) ಸೇರಿಸಿ, ಇಲ್ಲದಿದ್ದರೆ ಅವುಗಳ ಹತ್ತಾರು ನಕಲು ಬಿದ್ದಿರುತ್ತವೆ.

ಉತ್ತರ 3:
ರಾಶಿ ಬೆಳೆಯದಂತೆ ಕ್ರಾನ್‌ನಲ್ಲಿ (ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಸಾಧನ) ದಿನಕ್ಕೊಮ್ಮೆ ಬ್ಯಾಕಪ್ ಫೋಲ್ಡರಿನ ಮೇಲೆ ಫೈಂಡ್ (ಫೈಲು ಹುಡುಕುವ ಆದೇಶ) ಓಡಿಸಿ: ಟೈಪ್ ಎಫ್ (ಫೈಲುಗಳು ಮಾತ್ರ), ಎಂಟೈಮ್ +30 (30 ದಿನಕ್ಕಿಂತ ಹಿಂದೆ ಬದಲಾದವು), ಕೊನೆಗೆ ಡಿಲೀಟ್. ಕ್ರಮ ಮುಖ್ಯ. ಫೈಂಡ್ ಎಡದಿಂದ ಬಲಕ್ಕೆ ಓದುತ್ತದೆ. ಡಿಲೀಟ್ ಮೊದಲು ಬಂದರೆ ಷರತ್ತು ನೋಡುವ ಮೊದಲೇ ಎಲ್ಲವೂ ಅಳಿಸಿಹೋಗುತ್ತದೆ. ಮೊದಲು ಡಿಲೀಟ್ ಬದಲು ಪ್ರಿಂಟ್ ಹಾಕಿ ಪಟ್ಟಿ ನೋಡಿಕೊಳ್ಳಿ. ಅಂದಹಾಗೆ ಬ್ಯಾಕಪ್ ಅದೇ ಡಿಸ್ಕಿನಲ್ಲಿದ್ದರೆ ಡಿಸ್ಕ್ ಕೆಟ್ಟ ದಿನ ಮೂಲ ಫೈಲು, ಬ್ಯಾಕಪ್ ಎರಡೂ ಹೋಗುತ್ತವೆ. ಆರ್‌ಸಿಂಕ್‌ನಿಂದ (ಫೈಲು ನಕಲಿಸುವ ಸಾಧನ) ಬೇರೆ ಯಂತ್ರಕ್ಕೂ ಕಳಿಸಿ.