24 ಅಡಿ ಟ್ರಾಲರ್ ನಕ್ಷೆಯನ್ನು 30 ಅಡಿಗೆ ಹಿಗ್ಗಿಸಬಹುದೇ?

ಪ್ರಶ್ನೆ: ನಮಸ್ಕಾರ ಸರ್. ಮನೆಯಂಗಳದಲ್ಲೇ ಟ್ರಾಲರ್ ಮಾದರಿಯ ಪ್ಲೈವುಡ್ ಬೋಟ್ ಕಟ್ಟುವ ಯೋಚನೆ ಇದೆ. ಮೀನು ಹಿಡಿಯಲಿಕ್ಕಲ್ಲ, ಅಳಿವೆಯಲ್ಲಿ ಸುತ್ತಾಡಲು. ಕೈಯಲ್ಲಿರುವ ನಕ್ಷೆ 24 ಅಡಿಯದು. ತುಂಬಿದ ತೂಕ 3 ಟನ್, ತಳಕ್ಕೆ 12 ಎಂಎಂ ಪ್ಲೈ. ಎಲ್ಲ ಅಳತೆಯನ್ನೂ 1.25ರಿಂದ ಗುಣಿಸಿದರೆ 30 ಅಡಿ ಆಯಿತಲ್ಲವೇ?

ಉತ್ತರ: ಉದ್ದವೇನೋ 30 ಅಡಿ ಆಗುತ್ತದೆ, ಆದರೆ ಬೋಟ್ ಬೇರೆಯೇ ಆಗುತ್ತದೆ. ಮೂರೂ ದಿಕ್ಕಿಗೆ 1.25 ಪಟ್ಟು ಮಾಡಿದರೆ ಹೊರಮೈ 1.56 ಪಟ್ಟು, ನೀರಿನಡಿಯ ಗಾತ್ರ 1.95 ಪಟ್ಟು ಹೆಚ್ಚುತ್ತದೆ. ಅಂದರೆ ನಕ್ಷೆಯ ನೀರುಗೆರೆಗೆ (ನೀರಿನ ಮಟ್ಟ ತಾಗಬೇಕಾದ ಗೆರೆ) ಸರಿಯಾಗಿ ಕೂರಬೇಕಾದರೆ ಬೋಟ್ ಸುಮಾರು 5.9 ಟನ್ ತೂಗಬೇಕು. ನೀವು ನಾಲ್ಕೂವರೆ ಟನ್ನಿಗೆ ಕಟ್ಟಿ ಮುಗಿಸಿದರೆ ಅದು ಮೇಲೆದ್ದು ತೇಲುತ್ತದೆ, ಪ್ರೊಪೆಲ್ಲರ್ ಮೇಲಿನ ನೀರು ಕಡಿಮೆಯಾಗುತ್ತದೆ. ಸರಿಪಡಿಸಲು 1.4 ಟನ್ ಭಾರವನ್ನು ತಳಕ್ಕೆ ಸುರಿಯಬೇಕು.

ಇನ್ನೊಂದು ಕಡೆ, ಮನುಷ್ಯ 1.25 ಪಟ್ಟಾಗುವುದಿಲ್ಲ. ಆರಡಿ ಎತ್ತರದ ಕ್ಯಾಬಿನ್ ಏಳೂವರೆ ಅಡಿಯಾಗಿ, ಗಾಳಿಗೆ ಸುಮ್ಮನೆ ಎದೆಯೊಡ್ಡುತ್ತದೆ. ಸ್ಟ್ರಿಂಗರ್ (ಬೋಟಿನ ಉದ್ದಕ್ಕೂ ಹಾಯುವ ಮರದ ಪಟ್ಟಿ) ಕೂರುವ 20×45 ಎಂಎಂ ಕಚ್ಚು 25×56 ಆಗುತ್ತದೆ; ಆ ಅಳತೆಯ ಮರ ಸಾಮಿಲ್‌ನಲ್ಲಿ ಸಿದ್ಧವಾಗಿ ಸಿಗದು.

30 ಅಡಿಯೇ ಬೇಕಿದ್ದರೆ 30 ಅಡಿಗೆಂದೇ ಬರೆದ ನಕ್ಷೆ ಕೊಳ್ಳಿ. ಒಟ್ಟು ಖರ್ಚಿನಲ್ಲಿ ನಕ್ಷೆಯ ಬೆಲೆ ಬಲು ಚಿಕ್ಕದು.

ಮರುಪ್ರಶ್ನೆ: ಅಗಲ, ಎತ್ತರ ಮುಟ್ಟದೆ ಉದ್ದ ಮಾತ್ರ ಹೆಚ್ಚಿಸಬಹುದೇ?

ಉತ್ತರ: ಶೇ. 10ರವರೆಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೂ ನಕ್ಷೆ ಬರೆದವರನ್ನು ಒಂದು ಮಾತು ಕೇಳಿ. ನಿಮ್ಮದು 26 ಅಡಿ 5 ಇಂಚು ಆಗುತ್ತದೆ, ತುಂಬಿದ ತೂಕ 3.3 ಟನ್ ಆಗುತ್ತದೆ. ಫ್ರೇಮ್‌ಗಳ (ಅಡ್ಡಕ್ಕೆ ನಿಲ್ಲಿಸುವ ಚೌಕಟ್ಟುಗಳ) ಆಕಾರ ಹಾಗೇ ಇರಲಿ. ನಡುವಿನ ಅಂತರ 24 ಇಂಚಿದ್ದರೆ 26.4 ಮಾಡಿ, ಮೂತಿಯಿಂದ ಹಿಂಬದಿಯವರೆಗೆ ಒಂದೇ ಪ್ರಮಾಣದಲ್ಲಿ. ಹೆಚ್ಚುವರಿ ಉದ್ದವನ್ನೆಲ್ಲ ಮಧ್ಯದಲ್ಲೇ ತುರುಕಿದರೆ ಪಕ್ಕದ ಗೆರೆ ಅಲ್ಲಿ ಚಪ್ಪಟೆಯಾಗುತ್ತದೆ.

ಹೆಚ್ಚಿನವರು ಎಡವುವುದು ಪ್ಲೈ ಕತ್ತರಿಸುವಾಗ. ತಂತಿಯಲ್ಲಿ ಹೊಲಿದು ಎಪಾಕ್ಸಿ ಅಂಟು ಹಾಕುವ ಬೋಟ್‌ಗಳ ನಕ್ಷೆಯಲ್ಲಿ ಹಲಗೆಗಳನ್ನು ಚಪ್ಪಟೆಯಾಗಿ ಬಿಡಿಸಿ ಬರೆದಿರುತ್ತಾರೆ. ಆ ಆಕಾರವನ್ನು ಉದ್ದಕ್ಕೆ 1.1 ಪಟ್ಟು ಎಳೆದರೆ ಮೂತಿಯ ಬಳಿ ಅಂಚುಗಳು ಕೂಡುವುದೇ ಇಲ್ಲ, ಏಕೆಂದರೆ ಓರೆಯಾಗಿ ತಿರುಗುವ ಕಡೆ ಅಂಚಿನ ನಿಜವಾದ ಉದ್ದ ಶೇ. 10ಕ್ಕಿಂತ ಕಡಿಮೆಯೇ ಹೆಚ್ಚುತ್ತದೆ. ಫ್ರೇಮ್‌ಗಳನ್ನು ಹೊಸ ಅಂತರದಲ್ಲಿ ನಿಲ್ಲಿಸಿ, ಉದ್ದಕ್ಕೆ ಬಳುಕುವ ರೀಪು ಬಾಗಿಸಿ, ಉಬ್ಬು ತಗ್ಗು ಕಂಡಲ್ಲಿ ಫ್ರೇಮ್ ಕೆತ್ತಿ ಅಥವಾ ಪಟ್ಟಿ ಅಂಟಿಸಿ. ಆಮೇಲೆ ಹಲಗೆಯ ಅಂಚನ್ನು ಅಲ್ಲಿಂದಲೇ ಗುರುತಿಸಿಕೊಳ್ಳಿ. ಅದಕ್ಕೂ ಮೊದಲು 1:10 ರಟ್ಟಿನ ಮಾದರಿ ಮಾಡಿದರೆ ದುಬಾರಿ ಶೀಟ್ ಉಳಿಯುತ್ತದೆ. ಶಾಫ್ಟ್‌ನ (ಪ್ರೊಪೆಲ್ಲರ್ ತಿರುಗಿಸುವ ದಂಡ) ಕೋನವೂ ಬದಲಾಗುವುದರಿಂದ ಇಂಜಿನ್ ಕೂರುವ ಬೆಡ್ಡನ್ನು ಹೊಸದಾಗಿ ಬರೆಯಬೇಕು.

ಇನ್ನೊಬ್ಬರ ಪ್ರಶ್ನೆ: ಉದ್ದ ಹೆಚ್ಚಿಸಿದರೆ 12 ಎಂಎಂ ಪ್ಲೈ ಸಾಕೇ, 18 ಹಾಕಬೇಕೇ?

ಉತ್ತರ: ಶೇ. 10ಕ್ಕೆ 12 ಎಂಎಂ ಸಾಕು. ಅಗಲವಾದ ಅಂತರಕ್ಕೆ ತಳದ ಪ್ರತಿ ಬದಿಗೂ ಒಂದೊಂದು ಸ್ಟ್ರಿಂಗರ್ ಹೆಚ್ಚು ಕೊಡಿ. 18 ಎಂಎಂ ಮೂತಿಯ ತಿರುವಿಗೆ ಬಾಗದೆ ಬಿರಿಯುತ್ತದೆ. ಅಷ್ಟು ದಪ್ಪ ಬೇಕೇ ಬೇಕು ಅಂದರೆ 9 ಎಂಎಂನ ಎರಡು ಪದರ, ಮಧ್ಯೆ ಎಪಾಕ್ಸಿ. ಶೀಟಿನ ಮೇಲೆ ಐಎಸ್ 710 (ಮರೈನ್ ಪ್ಲೈವುಡ್‌ನ ಭಾರತೀಯ ಮಾನಕ) ಮುದ್ರೆ ನೋಡಿ ಕೊಳ್ಳಿ. ಐಎಸ್ 303 ಪೀಠೋಪಕರಣದಂಥ ಸಾಮಾನ್ಯ ಬಳಕೆಗೆ. ಮುದ್ರೆಯನ್ನೂ ಪೂರ್ತಿ ನಂಬಬೇಡಿ. ಅಂಗೈಯಗಲದ ತುಂಡೊಂದನ್ನು ಕೆಲವು ಗಂಟೆ ಕುದಿಸಿ, ಒಣಗಿಸಿ, ಚಾಕು ತೂರಿಸಿ ನೋಡಿ. ಪದರ ಬಿಟ್ಟರೆ, ಅಥವಾ ಕತ್ತರಿಸಿದ ಅಂಚಿನಲ್ಲಿ ಪೊಳ್ಳು ಕಂಡರೆ, ಆ ಲಾಟನ್ನೇ ವಾಪಸ್ ಮಾಡಿ.